ನೂತನ ಪಾನಾಗಾರ ಪ್ರವೇಶ ಮೀಮಾಂಸೆ

ಬಡಾವಣೆಯೊಂದರಲ್ಲಿ ಹೊಸದಾಗಿ ಕಾಕ್‌ಟೇಲ್ ಬಾರೊಂದು ತೆರೆಯಲ್ಪಟ್ಟಾಗ, ಆ ಬಡಾವಣೆಯಲ್ಲಿ ಬಹುಕಾಲದಿಂದ ಮನೆಮಾಡಿಕೊಂಡು, ಹಾಲಿನವನಿಂದ ಹಿಡಿದು ಹೂವಾಡಗಿತ್ತಿಯವರೆಗೆ ಎಲ್ಲರಿಗೂ ಮುಖಪರಿಚಯವುಳ್ಳವನಾದ ಗೃಹಸ್ಥನು ತನ್ನ ಸ್ನೇಹಿತನೊಬ್ಬನನ್ನು ಜೊತೆಗೂಡಿಸಿಕೊಂಡು ಅದರೊಳಕ್ಕೆ ಹೋಗತಕ್ಕದ್ದೋ ಹೋಗತಕ್ಕದ್ದಲ್ಲವೋ, ಹೋಗುವುದೇ ಆದರೆ ಯಾವ ಹೊತ್ತಿನಲ್ಲಿ, ಯಾವ ದಾರಿ ಹಿಡಿದು, ಕೈಯಲ್ಲಿ ಏನನ್ನು ಹಿಡಿದುಕೊಂಡು ಹೋಗಬೇಕು ಎಂಬ ವಿಷಯವನ್ನು ಕುರಿತು ನಮ್ಮ ಪೂರ್ವಾಚಾರ್ಯರಲ್ಲಿ ಯಾರೂ ಒಂದು ಸ್ವತಂತ್ರ ಗ್ರಂಥವನ್ನು ರಚಿಸಿದಂತೆ ತೋರುವುದಿಲ್ಲ. ಮನೆ ಕಟ್ಟುವುದಕ್ಕೆ ಶಾಸ್ತ್ರವುಂಟು. ಮೈಮೇಲೆ ಹಲ್ಲಿ ಬಿದ್ದರೆ ಅದಕ್ಕೂ ಶಾಸ್ತ್ರವುಂಟು. ಕ್ಷೌರಕ್ಕೆ ವಾರ ತಿಥಿಗಳ ನಿಯಮವುಂಟು. ಇಷ್ಟು ಸೂಕ್ಷ್ಮಗಳನ್ನೆಲ್ಲ ವಿಚಾರಿಸಿದ ಮಹನೀಯರು ಇದೊಂದನ್ನು ಮಾತ್ರ ಬಿಟ್ಟುಹೋದದ್ದು, ಮುಂದೆ ಬರುವವರಿಗೂ ಕೊಂಚ ಕೆಲಸವಿರಲಿ ಎಂಬ ಔದಾರ್ಯದಿಂದಲೇ ಎಂದು ತಿಳಿದು, ಆ ಕೆಲಸವನ್ನು ನಾನು ವಿನಯಪೂರ್ವಕವಾಗಿ ಕೈಗೆತ್ತಿಕೊಂಡಿದ್ದೇನೆ.

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸುವುದು ಸಂಪ್ರದಾಯ. ವಿಷಯವನ್ನು ಹೇಳಿಯಾಯಿತು. ಸಂಬಂಧವನ್ನು ಯಾವ ಗ್ರಂಥದಲ್ಲಿಯೂ ಯಾರೂ ಓದುವುದಿಲ್ಲವಾದ್ದರಿಂದ ಅದನ್ನು ಬಿಡಬಹುದು. ಪ್ರಯೋಜನದಲ್ಲಿ ಮಾತ್ರ ಎರಡು ಪಕ್ಷಗಳಿವೆ. ಔಷಧವಾದಿಗಳು ಹೇಳುವುದೇನೆಂದರೆ: ಪೆಲ್ಟಿಯೇ, ಕಾವೆಂತೂ ಎಂಬ ಫ್ರಾನ್ಸ್ ದೇಶದ ಇಬ್ಬರು ರಸಾಯನಜ್ಞರು 1820ರಲ್ಲಿ ಸಿಂಕೋನ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು, ಚಳಿಜ್ವರಕ್ಕೆ ದಿವ್ಯೌಷಧವಾದ ಆ ಕಹಿಯನ್ನು ಬರಿದೆ ನುಂಗಲಾರದೆ ಭಾರತದಲ್ಲಿದ್ದ ಆಂಗ್ಲರು ಅದಕ್ಕೆ ಸಕ್ಕರೆ, ಸೋಡ, ಜಿನ್ನುಗಳನ್ನು ಕೂಡಿಸಿಕೊಂಡರು. ಬೊಲಿವಾರನ ಸೈನ್ಯದಲ್ಲಿ ವೈದ್ಯನಾಗಿದ್ದ ಸೀಗರ್ಟ್ ಎಂಬ ಜರ್ಮನನು 1824ರಲ್ಲಿ ವೆನೆಜುವೆಲಾದ ಅಂಗೋಸ್ಟೂರ ಪಟ್ಟಣದಲ್ಲಿ ಸಿಪಾಯಿಗಳ ಹೊಟ್ಟೆಯ ತೊಂದರೆಗೆಂದು ಒಂದು ಕಹಿಯರಿಷ್ಟವನ್ನು ಸಿದ್ಧಪಡಿಸಿದನು. ಅದರ ನಾಲ್ಕು ತೊಟ್ಟು ಬೀಳದೆ ಇಂದು ಅರ್ಧದಷ್ಟು ಕಾಕ್‌ಟೇಲುಗಳು ಪೂರ್ಣವಾಗುವುದಿಲ್ಲ. ಆದಕಾರಣ ಪಾನವು ಚಿಕಿತ್ಸೆಯ ಒಂದು ಶಾಖೆ, ಎಂದು. ಎರಡನೆಯವರು ಕುತೂಹಲವಾದಿಗಳು. ಇವರಿಗೆ ಔಷಧವೂ ಬೇಡ, ರೋಗವೂ ಬೇಡ. ‘ಆ ಬಾರಿನ ಒಳಗೆ ಏನು ಮಾಡಿಟ್ಟಿದ್ದಾರೋ ನೋಡಿಕೊಂಡು ಬರೋಣ’ ಎಂಬಷ್ಟೇ ಇವರ ಪುರುಷಾರ್ಥ. ನನ್ನ ಮಿತ್ರನು ಮೊದಲ ಪಕ್ಷದವನು, ನಾನು ಎರಡನೆಯವನು. ದರ್ಶನಗಳು ಬೇರೆಯಾದರೂ ಇಬ್ಬರೂ ಒಂದೇ ಆಟೋದಲ್ಲಿ ಹೋದೆವೆಂಬುದು ನಮ್ಮ ದೇಶದ ಸಮನ್ವಯದೃಷ್ಟಿಗೆ ನಿದರ್ಶನವಾಗಿದೆ.

ಅಧಿಕಾರಿಯ ವಿಚಾರ ತೊಡಕಿನದು. ನಮ್ಮ ರಾಜ್ಯದ 1965ರ ಅಬಕಾರಿ ಕಾಯಿದೆಯೆಂಬ ಮೂಲವು 18 ವರ್ಷ ತುಂಬದವರಿಗೆ ಮದ್ಯವನ್ನು ಮಾರಕೂಡದೆನ್ನುತ್ತದೆ. ಆ ಮೂಲದಿಂದಲೇ ಹುಟ್ಟಿದ 1967ರ ನಿಯಮಗಳು 21 ತುಂಬದವರಿಗೆ ಮಾರಕೂಡದೆನ್ನುತ್ತವೆ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದೆಡೆಯಲ್ಲಿ ಶ್ರುತಿಯೇ ಬಲವತ್ತರವೆಂದು ಜೈಮಿನಿ ಮಹರ್ಷಿಗಳು ಎಂದೋ ತೀರ್ಮಾನಿಸಿರುವರಾದರೂ, ಅಬಕಾರಿ ಇಲಾಖೆಯವರು ಮೀಮಾಂಸೆಯನ್ನು ಓದಿಲ್ಲದಿರುವುದರಿಂದಲೋ ಏನೋ, ಇಲ್ಲಿ ಸ್ಮೃತಿಯೇ ಗೆದ್ದು, ಬಾಗಿಲಿನ ಫಲಕದ ಮೇಲೆ 21 ಎಂಬ ಅಂಕಿಯೇ ರಾರಾಜಿಸುತ್ತಿದೆ. ಇವೆರಡಕ್ಕೂ ಮೇಲೆ ಸಂವಿಧಾನದ 47ನೆಯ ಅನುಚ್ಛೇದವೊಂದಿದ್ದು, ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಅದು ನಿರ್ದೇಶಿಸುತ್ತದೆ. ರಾಜ್ಯವು ಪ್ರಯತ್ನಿಸದೆ ಇಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು. ಬಡವನ ಪ್ಯಾಕೆಟ್ಟಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಮೇಲೇರಿ ಬರಬೇಕೆಂದಿದ್ದ ಆ ಪ್ರಯತ್ನವು ಮೊದಲನೆಯ ಮೆಟ್ಟಿಲಿನಲ್ಲಿಯೇ ದಣಿದು ಕುಳಿತಿರುವುದು. ಸ್ಫಟಿಕದ ಲೋಟಗಳಿರುವ ಮಹಡಿಗೆ ಅದು ಬರುವುದಕ್ಕೆ ಇನ್ನೂ ಕೆಲವು ಯುಗಗಳು ಹಿಡಿದಾವು. ಅದು ಹಾಗಿರಲಿ. ಆ 18ನ್ನೂ ಈ 21ನ್ನೂ ಒಟ್ಟುಗೂಡಿಸಿದರೂ ಸಾಲದಷ್ಟು ವಯಸ್ಸು ನನಗೂ ನನ್ನ ಮಿತ್ರನಿಗೂ ಆಗಿರುವುದರಿಂದ ನಮ್ಮ ಅಧಿಕಾರವು ಉಭಯಪಕ್ಷಸಮ್ಮತವಾದುದು.

ಇನ್ನು ಪ್ರಮಾಣಗಳು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥವು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದಲೇ ಸಂಪಾದಿತವಾಗಿ ಅಚ್ಚಾಯಿತೆಂಬುದು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿ. ಶಾಸ್ತ್ರಿಗಳವರು ಮೇದಕವೆಂಬ ಸುರೆಗೆ ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ ಎಂಬ ಪಾಠವನ್ನು ಎದುರಿಗಿಟ್ಟುಕೊಂಡು, ಅಕ್ಷರ ಅಕ್ಷರವನ್ನೂ ತಿದ್ದುತ್ತ ಕುಳಿತಿದ್ದ ಆ ಮೈಸೂರಿನ ಅಪರಾಹ್ನವನ್ನು ನೆನೆದರೆ ನನಗೆ ರೋಮಾಂಚನವಾಗುತ್ತದೆ. ವಿದ್ವತ್ತಿಗಾಗಿ ಇಷ್ಟು ನಿರ್ಲಿಪ್ತವಾಗಿ ಸುರೆಯನ್ನು ಅಳೆದವರು ಮತ್ತೊಬ್ಬರಿರಲಾರರು.

ಆ ಅಧ್ಯಾಯದ ಪ್ರಕಾರ ಪಾನಾಗಾರದಲ್ಲಿ ಅನೇಕ ಕೊಠಡಿಗಳಿರತಕ್ಕದ್ದು, ಶಯನಾಸನಗಳು ಬೇರೆಬೇರೆಯಾಗಿರತಕ್ಕದ್ದು, ಗಂಧ, ಮಾಲೆ, ನೀರು ಇವು ಸಿದ್ಧವಾಗಿದ್ದು ಎಲ್ಲ ಋತುಗಳಲ್ಲಿಯೂ ಸುಖಕರವಾಗಿರತಕ್ಕದ್ದು. ಶುದ್ಧನಡತೆಯವನೆಂದು ಹೆಸರಾದವನು ಮಾತ್ರ ಕಾಲು ಕುಡುಬದಿಂದ ಒಂದು ಪ್ರಸ್ಥದವರೆಗೆ ಮನೆಗೆ ಒಯ್ಯಬಹುದು; ಉಳಿದವರು ಅಲ್ಲಿಯೇ ಕುಡಿಯಬೇಕು. ಯಾರು ಎಷ್ಟು ವೆಚ್ಚ ಮಾಡುತ್ತಾರೆ, ಅದು ಅವರ ನಿತ್ಯದ ವೆಚ್ಚವೋ ಹೊಸದಾಗಿ ಹುಟ್ಟಿಕೊಂಡದ್ದೋ ಎಂಬುದನ್ನು ಗೂಢಪುರುಷರು ಕುಳಿತು ಗಮನಿಸುತ್ತಿರಬೇಕು. ಮತ್ತೇರಿ ನಿದ್ರಿಸಿದ ಗಿರಾಕಿಯ ಒಡವೆ ಕಳೆದರೆ ವ್ಯಾಪಾರಿಯು ಅದರ ಬೆಲೆಯನ್ನೂ, ಅಷ್ಟೇ ದಂಡವನ್ನೂ ತೆರಬೇಕು. ನಮ್ಮ ಬಡಾವಣೆಯ ಪಾನಾಗಾರವು ಇವುಗಳಲ್ಲಿ ಶಯ್ಯೆಯೊಂದನ್ನು ಕೈಬಿಟ್ಟಿದೆ. ಗೂಢಪುರುಷರ ಸ್ಥಾನದಲ್ಲಿ ಬಾಗಿಲಲ್ಲಿ ನಿಂತ ಹುಡುಗಿಯೊಬ್ಬಳು ಟೆಲಿಫೋನ್ ನಂಬರನ್ನೂ ಹುಟ್ಟಿದ ತಾರೀಖನ್ನೂ ಬರೆದುಕೊಳ್ಳುವಳು. ಒಡವೆಯ ವಿಷಯದಲ್ಲಿ ಮಾತ್ರ ಸಂಪ್ರದಾಯಭಂಗವಾಗಿದೆ: ಬಿಟ್ಟುಹೋದ ಹೆಲ್ಮೆಟ್ಟಿಗೆ ಆಡಳಿತವರ್ಗ ಹೊಣೆಯಲ್ಲವೆಂದು ಗೋಡೆಯ ಮೇಲೆ ಸ್ಪಷ್ಟವಾಗಿ ಬರೆದಿದೆ.

ಚರಕಾಚಾರ್ಯರು ಧಾನ್ಯ, ಫಲ, ಬೇರು, ಹೂವು, ತೊಗಟೆ ಮುಂತಾದವುಗಳಿಂದ ಆಗುವ 84 ಆಸವಗಳನ್ನು ಎಣಿಸಿ ತೋರಿಸಿದ್ದಾರೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಇಪ್ಪತ್ತು ಕ್ರೀಡೆಗಳನ್ನು ಹೇಳುವಾಗ ಮದಿರಾಪಾನವನ್ನೂ ಚದುರಂಗ ಪಗಡೆಗಳ ಸಾಲಿನಲ್ಲಿಯೇ ಕೂರಿಸಿದ್ದಾನೆ. ಇಷ್ಟು ಪ್ರಮಾಣಗಳು ನಮ್ಮ ಮನೆಯಲ್ಲಿಯೇ ಇರಲು ಹೊರಗೆ ಹೋಗುವ ಅಗತ್ಯವಿಲ್ಲವಾದರೂ, ಮಿಶ್ರಣವೆಂಬ ವಿಶೇಷಕ್ಕೆ ಪಾಶ್ಚಾತ್ಯರ ಸೂತ್ರವೊಂದನ್ನು ಉದಾಹರಿಸದೆ ಗತ್ಯಂತರವಿಲ್ಲ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಎಂಬ ಊರಿನಿಂದ ಹೊರಡುತ್ತಿದ್ದ ಪತ್ರಿಕೆಯೊಂದರಲ್ಲಿ 1806ರ ಮೇ 13ರಂದು ಸಂಪಾದಕನು ಓದುಗನೊಬ್ಬನ ಪ್ರಶ್ನೆಗೆ ಉತ್ತರವಾಗಿ, ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಕಹಿ ಈ ನಾಲ್ಕು ಕೂಡಿದ್ದೇ ಕಾಕ್‌ಟೇಲ್ ಎಂದು ಲಕ್ಷಣವನ್ನು ಹೇಳಿ, ಇದನ್ನು ನುಂಗಿದವನು ಬೇರೆ ಏನನ್ನಾದರೂ ನುಂಗುವುದಕ್ಕೆ ಸಿದ್ಧನಾಗುವನಾದ್ದರಿಂದ ಚುನಾವಣೆಯ ಅಭ್ಯರ್ಥಿಗಳಿಗೆ ಬಹಳ ಪ್ರಯೋಜನಕಾರಿಯೆಂದು ಫಲಶ್ರುತಿಯನ್ನೂ ಸೇರಿಸಿದನು. 1862ರಲ್ಲಿ ಜೆರ್ರಿ ಥಾಮಸ್ ಎಂಬ ಪಾನಗಾರನು ಮಿಶ್ರಣವಿಧಿಗಳ ಮೊದಲ ಅಮೆರಿಕನ್ ಕೈಪಿಡಿಯನ್ನು ಪ್ರಕಟಿಸಿದನು. ಸೂತ್ರಕಾರ ಒಬ್ಬ, ವೃತ್ತಿಕಾರ ಒಬ್ಬ. ಭಾಷ್ಯಕಾರನಿಲ್ಲದ ಕೊರತೆಯನ್ನು ತುಂಬಲು ಬಸವನಗುಡಿಯಿಂದ ಇಬ್ಬರು ಹೊರಟದ್ದು ಹೀಗೆ.

ಬಸವನಗುಡಿಯು ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆ, ಗಾಳಿ ಬೆಳಕುಗಳಿಗಾಗಿ ಅಗಲವಾದ ಬೀದಿಗಳನ್ನು ಬಿಟ್ಟು ನಿರ್ಮಿಸಿದ ಬಡಾವಣೆ. ಇಲ್ಲಿ ಮನುಷ್ಯನಿಗೆ ಬೇಕಾದುದೆಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿರುವುದು: ಗಾಂಧಿ ಬಜಾರಿನಲ್ಲಿ ಹೂವು, 1943ರಿಂದ ವಿದ್ಯಾರ್ಥಿ ಭವನದಲ್ಲಿ ದೋಸೆ, ಗುಡ್ಡದ ಮೇಲೆ ಬಸವಣ್ಣ. ಇಂಥ ಊರಿನ ನಡುವೆ, ಕಾಂಪೌಂಡು, ತುಳಸಿಕಟ್ಟೆ, ಕಿಟಕಿಗಳ ಮೇಲೆ ಮರದ ಪಟ್ಟಿಗಳ ಮಂಕಿಟಾಪು ಇವೆಲ್ಲ ಇದ್ದ ಹಳೆಯ ಮನೆಯೊಂದು ಮಾರಾಟವಾಗಿ, ಬಹಳ ದಿನ ಹಸಿರು ಪರದೆಯ ಮರೆಯಲ್ಲಿದ್ದು, ಒಂದು ಸಂಜೆ ದೀಪಗಳೊಡನೆ ಹೊರಬಿದ್ದಿತು. ತುಳಸಿಕಟ್ಟೆ ಹಾಗೆಯೇ ಇತ್ತು. ಅದರಲ್ಲಿ ಪುದೀನ ಬೆಳೆದಿತ್ತು. ಒಳಗೆ ದೇವರ ಮನೆಯಿದ್ದ ಕಡೆ ಈಗ ಮಂಜುಗಡ್ಡೆಯ ಯಂತ್ರವಿರುವುದೆಂದೂ, ಹಿಂದೆ ನಂದಾದೀಪವಿದ್ದ ಗೂಡಿನಲ್ಲಿ ನಿಂಬೆಹಣ್ಣುಗಳನ್ನು ಜೋಡಿಸಿರುವರೆಂದೂ ಬಡಾವಣೆಯಲ್ಲೆಲ್ಲ ಸುದ್ದಿ ಹರಡಿತು. ನಿವಾಸಿಗಳ ಸಂಘದ ಅಧ್ಯಕ್ಷರು ಪರವಾನಗಿಯನ್ನು ರದ್ದುಪಡಿಸಬೇಕೆಂದು ಅರ್ಜಿಯೊಂದನ್ನು ಬರೆದು, ಮನೆಮನೆಗೆ ಸ್ವತಃ ಹೋಗಿ ಸಹಿ ಮಾಡಿಸಿದರು. ಸಿ.ಎಲ್. 9 ಎಂಬ ಆ ಪರವಾನಗಿಯಲ್ಲಿ ಇಂಥ ಸ್ಥಳವನ್ನು ಉಪಾಹಾರದ ಕೊಠಡಿಯೆಂದು ವರ್ಣಿಸಿರುವುದರಿಂದ, ಉಪಾಹಾರಕ್ಕೆ ಆಕ್ಷೇಪಣೆಯೇನೆಂದು ಅಧಿಕಾರಿಗಳು ಕೇಳಿದರಂತೆ.

ಪ್ರವೇಶದ ಕಾಲವನ್ನು ಕುರಿತು ನಾವು ಬಹಳ ಚರ್ಚಿಸಿದೆವು. ಗೋಧೂಳಿಯಲ್ಲಿ ದೇವಸ್ಥಾನದ ಜನ. ಎಂಟರ ಮೇಲೆ ನಾಯಿಗಳನ್ನು ತಿರುಗಾಡಿಸುವ ಜನ. ಆದುದರಿಂದ ಏಳೂಕಾಲು ಪ್ರಶಸ್ತವೆಂದು ನಿಶ್ಚಯವಾಯಿತು. ಕೈಯಲ್ಲಿ ತರಕಾರಿಯ ಚೀಲವಿರಬೇಕೆಂಬುದು ನನ್ನ ಮಿತ್ರನ ಸೂಚನೆ. ಅವನು ಬ್ಯಾಂಕೊಂದರ ತನಿಖಾ ವಿಭಾಗದಲ್ಲಿ ಆಯುಷ್ಯವನ್ನು ಕಳೆದು ನಿವೃತ್ತನಾದವನು. ದಾಖಲೆಯಿಲ್ಲದೆ ಎಲ್ಲಿಯೂ ಹೋಗತಕ್ಕವನಲ್ಲ. ಮೇಲುಗಡೆ ಕೊತ್ತಂಬರಿ ಸೊಪ್ಪು ಇಣುಕುವಂತೆ ಚೀಲವನ್ನು ತುಂಬಿಕೊಂಡರೆ, ಯಾರು ಎದುರಾದರೂ ಮನುಷ್ಯನು ಮಾರುಕಟ್ಟೆಯಿಂದ ಬರುತ್ತಿರುವನೆಂಬ ಅನುಮಾನಪ್ರಮಾಣವು ತಾನಾಗಿಯೇ ಸಿದ್ಧಿಸುವುದು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಎಲ್ಲೆಲ್ಲಿ ಕೊತ್ತಂಬರಿಯೋ ಅಲ್ಲಲ್ಲಿ ಗಾಂಧಿ ಬಜಾರು.

ಬಾಗಿಲು ಕಾಣಲಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವು ಜಾರಿಯಲ್ಲಿದ್ದಾಗ ಜನರು ಗುಪ್ತವಾದ ಬಾಗಿಲುಗಳ ಹಿಂದೆ ಕುಡಿಯುತ್ತಿದ್ದರೆಂಬ ಇತಿಹಾಸವನ್ನು ಅನುಸರಿಸಿ, ಈಗ ಯಾವ ನಿರೋಧವೂ ಇಲ್ಲದ ಊರುಗಳಲ್ಲಿಯೂ ಬಾಗಿಲನ್ನು ಬಚ್ಚಿಡುವುದು ವೈಭವದ ಲಕ್ಷಣವಾಗಿದೆಯಂತೆ. ನೋಡಿದವರಿಗೆ ಇದು ಅರ್ಥಹೀನವೆಂದು ತೋರಬಹುದು. ನನಗೆ ಹಾಗೆ ತೋರಲಿಲ್ಲ. ಕಾನೂನು ಒಪ್ಪಿದರೂ ಎದುರುಮನೆಯ ಅಜ್ಜಿ ಒಪ್ಪದ ಊರಿನಲ್ಲಿ ಗುಪ್ತದ್ವಾರವು ಪರಮಾವಶ್ಯಕ. ಪಡಸಾಲೆಯಲ್ಲಿ, ಅವೆನ್ಯೂ ರಸ್ತೆಯಲ್ಲಿ ತೂಕಕ್ಕೆ ಕೊಂಡುತಂದ ಹಳೆಯ ಪುಸ್ತಕಗಳನ್ನು ತುಂಬಿದ ಕಪಾಟೊಂದಿತ್ತು. ಅದರಲ್ಲಿ ಲೆಕ್ಕಪರಿಶೋಧನೆಯ ಗ್ರಂಥವೊಂದನ್ನು ಕಂಡು, ಹಳೆಯ ವಾತ್ಸಲ್ಯದಿಂದ ನನ್ನ ಮಿತ್ರನು ಅದನ್ನು ಹಿಡಿದೆಳೆಯಲು ಕಪಾಟೇ ತಿರುಗಿಕೊಂಡು, ನಾವಿಬ್ಬರೂ ಕೊತ್ತಂಬರಿಯ ಸಮೇತ ಒಳಕ್ಕೆ ಬಂದೆವು.

ನನ್ನ ಮಿತ್ರನಿಗೆ ಪಾನಾಗಾರದ ಪೂರ್ವಸಂಸ್ಕಾರವಿಲ್ಲವೆಂದಲ್ಲ. ಯೌವನದಲ್ಲಿ ಮೆಜೆಸ್ಟಿಕ್ ಕಡೆಯ ಬಾರುಗಳಲ್ಲಿ, ಕೆಂಪು ದೀಪದ ಕೆಳಗೆ, ಫ್ಯಾಮಿಲಿ ರೂಮೆಂದು ಬರೆದಿದ್ದ, ಯಾವ ಸಂಸಾರವೂ ಕಾಲಿಡದಿದ್ದ ಕೊಠಡಿಗಳಲ್ಲಿ ಅವನು ಕುಳಿತವನು. ಅಲ್ಲಿನ ಮಾನಶಾಸ್ತ್ರ ಸರಳವಾದುದು: ಮೂವತ್ತು, ಅರವತ್ತು, ತೊಂಬತ್ತು, ಕ್ವಾರ್ಟರು. ಕ್ವಾರ್ಟರೆಂದರೆ 180 ಮಿಲಿಲೀಟರು. ಆ ಜಗತ್ತಿನಲ್ಲಿ ಮಾಣಿ ಕೇಳುವ ಪ್ರಶ್ನೆ ಒಂದೇ: ‘ಸೋಡಾನಾ, ನೀರಾ?’ ಇಲ್ಲಿ ಹಾಗಲ್ಲ. ಇಲ್ಲಿ ನಮ್ಮ ಮುಂದಿಟ್ಟದ್ದು ಹಲವು ಪುಟಗಳ ಒಂದು ಹೊತ್ತಗೆ. ಪ್ರತಿಯೊಂದು ಪಾನೀಯಕ್ಕೂ ಹೆಸರು, ಹೆಸರಿನ ಕೆಳಗೆ ಚಂಪೂಶೈಲಿಯ ವರ್ಣನೆ, ವರ್ಣನೆಯ ಕೆಳಗೆ ಬೆಲೆ. ಮಲೆನಾಡಿನ ಮಳೆಯ ಸಂಜೆಯೊಂದರ ನೆನಪನ್ನು ಜಿನ್ನಿನಲ್ಲಿ ನೆನೆಸಿರುವುದಾಗಿ ಒಂದರಲ್ಲಿ ಬರೆದಿತ್ತು. ಬ್ಯಾಡಗಿ ಮೆಣಸಿನಕಾಯಿ, ಪುನರ್ಪುಳಿ, ಗುಲ್ಕನ್, ವೀಳ್ಯದೆಲೆ, ಫಿಲ್ಟರ್ ಕಾಫಿ ಇವೆಲ್ಲವೂ ಅಲ್ಲಿದ್ದುವು. ಅಜ್ಜಿಯ ಅಡಿಗೆಮನೆಯಿಂದ ಹೊರಟುಹೋದ ಪದಾರ್ಥಗಳು ಎಲ್ಲಿಗೆ ಹೋದವೆಂದು ಯಾರಾದರೂ ಕೇಳಿದರೆ ಈ ಹೊತ್ತಗೆಯನ್ನು ತೋರಿಸಬಹುದು. ಓದುವುದಕ್ಕೆ ಬೆಳಕು ಮಾತ್ರ ಇರಲಿಲ್ಲ. ಗ್ರಂಥವಿದ್ದು ದೀಪವಿಲ್ಲದೆ, ನಾವು ಮೊಬೈಲಿನ ಟಾರ್ಚನ್ನು ಹೊತ್ತಿಸಿಕೊಂಡು ಪಾರಾಯಣ ಮಾಡುತ್ತಿರಲು, ಉಳಿದ ತರುಣ ತರುಣಿಯರು ನಮ್ಮನ್ನು ಅಬಕಾರಿ ಇಲಾಖೆಯವರೆಂದು ಭಾವಿಸಿ ಸ್ವಲ್ಪ ನೆಟ್ಟಗೆ ಕುಳಿತರು.

ಕಟ್ಟೆಯ ಹಿಂದಿದ್ದ ತರುಣನು ಕುಂದಾಪುರದ ಕಡೆಯವನು. ಗಡ್ಡ, ಚರ್ಮದ ಏಪ್ರನ್, ತೋಳಿನ ಮೇಲೆ ಹಚ್ಚೆ. ನುಡಿ ಮಾತ್ರ ಅತ್ಯಂತ ಮೃದು. ನಮ್ಮ ಚೀಲವನ್ನು ಅವನು ಗೌರವದಿಂದ ತೆಗೆದುಕೊಂಡು, ಸೊಪ್ಪು ಬಾಡಬಾರದೆಂದು ಮಂಜಿನ ಪೆಟ್ಟಿಗೆಯ ಪಕ್ಕದಲ್ಲಿಟ್ಟನು. ನಾನು ಪುನರ್ಪುಳಿಯದನ್ನು ಕೇಳಿದೆ. ಅವನು ಮಾಡುತ್ತಿದ್ದ ಕ್ರಮವನ್ನು ನೋಡಿದವರಾರಿಗೂ ಇದು ಕರ್ಮಕಾಂಡವೆಂಬುದರಲ್ಲಿ ಸಂದೇಹವುಳಿಯದು. ಪಾತ್ರೆಗಳಿಗೆ ನಿಯತವಾದ ಸ್ಥಾನವಿತ್ತು. ಅಳತೆಯ ಪಾತ್ರೆಯಿಂದ ಸುರಿಯುವಾಗ ಮಣಿಕಟ್ಟನ್ನು ಎತ್ತುವುದಕ್ಕೊಂದು ವಿಧಿಯಿತ್ತು. ಕಲಸತಕ್ಕದ್ದನ್ನು ಕುಲುಕಿದರೆ ಪ್ರತ್ಯವಾಯ, ಕುಲುಕತಕ್ಕದ್ದನ್ನು ಕಲಸಿದರೆ ವೈಫಲ್ಯ. ಬರಿಯ ಮದ್ಯಗಳಾದರೆ ಕಲಸುವುದು, ಹುಳಿರಸವೋ ಮೊಟ್ಟೆಯ ಬಿಳಿಯೋ ಸೇರಿದರೆ ಕುಲುಕುವುದು ಎಂದು ಅವನು ಉತ್ಸರ್ಗಾಪವಾದಗಳನ್ನು ವಿವರಿಸಿದನು. ಕೊನೆಗೆ ನಿಂಬೆಯ ಸಿಪ್ಪೆಯೊಂದನ್ನು ಲೋಟದ ಮೇಲೆ ತಿರುಚಿ, ಕಣ್ಣಿಗೆ ಕಾಣದ ಎಣ್ಣೆಯನ್ನು ಪ್ರೋಕ್ಷಿಸಿದನು. ಆ ಎಣ್ಣೆಯಿಂದ ಉಂಟಾಗುವ ಫಲವು ಅದೃಷ್ಟವೋ ದೃಷ್ಟವೋ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಮಿತ್ರನು ಮಂಜುಗಡ್ಡೆಯ ಪ್ರಶ್ನೆಯನ್ನೆತ್ತಿದನು.

ಆ ಪ್ರಶ್ನೆ ಸಾಮಾನ್ಯವಾದುದಲ್ಲ. ಲೋಟದಲ್ಲಿದ್ದುದು ಕಡೆಕಡೆಗೂ ಐದು ಸೆಂಟಿಮೀಟರಿನ ಒಂದೇ ಘನ, ಗಾಜಿನಷ್ಟು ಸ್ವಚ್ಛ. ನೀರು ಎಲ್ಲ ಕಡೆಯಿಂದಲೂ ಹೆಪ್ಪುಗಟ್ಟಿದರೆ ಗಾಳಿಯು ನಡುವೆ ಸಿಕ್ಕಿಕೊಂಡು ಬಿಳಿಯಾಗುವುದೆಂದೂ, ಒಂದೇ ಕಡೆಯಿಂದ ಮೆಲ್ಲಮೆಲ್ಲನೆ ಹೆಪ್ಪುಗಟ್ಟಿಸಿದರೆ ಗಾಳಿಯು ಮುಂದೆ ಮುಂದೆ ತಳ್ಳಲ್ಪಟ್ಟು ಕೊನೆಯ ತುಂಡಿನಲ್ಲಿ ಮಾತ್ರ ಉಳಿಯುವುದರಿಂದ ಅದನ್ನು ಕತ್ತರಿಸಿ ಎಸೆಯುವರೆಂದೂ ತರುಣನು ಹೇಳಿದನು. ನನ್ನ ಮಿತ್ರನು ಕರವಸ್ತ್ರವನ್ನು ಮಡಿಸಿಟ್ಟು ಲೆಕ್ಕ ಹಾಕಿದನು. ಐದನ್ನು ಐದರಿಂದ, ಮತ್ತೆ ಐದರಿಂದ ಗುಣಿಸಿದರೆ 125, ಮದ್ಯವು 60. ಯಾವುದು ಹೆಚ್ಚಾಗಿದೆಯೋ ಅದರ ಹೆಸರೇ ಇಡಿಯದಕ್ಕೂ ಸಲ್ಲತಕ್ಕದ್ದೆಂಬುದು ಪ್ರಸಿದ್ಧವಾದ ನ್ಯಾಯ. ‘ಹಾಗಾದರೆ ಇದು ಮಂಜುಗಡ್ಡೆ ಕಣಯ್ಯ, ಸ್ವಲ್ಪ ವಾಸನೆ ಹಿಡಿದಿದೆ, ಅಷ್ಟೆ. ಪ್ರಧಾನಕರ್ಮ ಮಂಜು, ಮದ್ಯ ಅದಕ್ಕೆ ಅಂಗ.’ ಈ ಪೂರ್ವಪಕ್ಷವನ್ನು ಖಂಡಿಸುವುದು ಕಷ್ಟ. ಮಂಜು ಕರಗುವುದು, ಪ್ರಧಾನವು ಕರಗಕೂಡದು ಎಂದು ನಾನು ವಾದಿಸಿದೆ. ಇದು ದೊಡ್ಡ ಗಡ್ಡೆಯಾದ್ದರಿಂದ ನಿಧಾನವಾಗಿ ಕರಗುವುದೆಂದು ತರುಣನು ಸೇರಿಸಿದನು. ‘ನಾವು ಕುಡಿದು ಮುಗಿಸಿದ ಮೇಲೂ ಇರುತ್ತೆ ತಾನೆ?’ ಎಂದನು ಮಿತ್ರ. ಇರುತ್ತದೆಂದು ತರುಣನು ಒಪ್ಪಿಕೊಂಡನು. ಕರ್ಮವು ಮುಗಿದ ಮೇಲೂ ಉಳಿಯುವುದು ಯಾವುದೋ ಅದೇ ಪ್ರಧಾನವೆಂದು ಮಿತ್ರನು ಘೋಷಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಆ ಸಂಜೆಯ ನಿಜವಾದ ಶಾಸ್ತ್ರಾರ್ಥ ನಡೆದದ್ದು ಇದಾದ ಮೇಲೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ ಬೈಟು ಎಂಬುದು ಕಾಫಿಯನ್ನು ಕೊಳ್ಳುವ ಒಂದು ಉಪಾಯವೆಂದು ಪರಸ್ಥಳದವರು ತಿಳಿದಿದ್ದಾರೆ. ಅದು ಹಾಗಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದಾಗ ಪ್ರತಿಯೊಂದೂ ಅರ್ಧಕ್ಕಿಂತ ತುಸು ಹೆಚ್ಚಾಗಿರುವುದೆಂಬುದು ಗಣಿತಕ್ಕೆ ವಿರುದ್ಧವಾದರೂ ಅನುಭವಕ್ಕೆ ಸಿದ್ಧವಾದುದು. ಮಾಣಿಯ ಕೈಯ ದಾಕ್ಷಿಣ್ಯವು ಆ ಹೆಚ್ಚಳದ ಕಾರಣ. ಆದುದರಿಂದ ನನ್ನ ಮಿತ್ರನು ಹೊತ್ತಗೆಯಲ್ಲಿ ಫಿಲ್ಟರ್ ಕಾಫಿಯೂ ರಮ್ಮೂ ಸೇರಿದ 650 ರೂಪಾಯಿಯ ಪಾನೀಯವೊಂದನ್ನು ಬೆರಳಿಟ್ಟು ತೋರಿಸಿ, ಯಾವ ಸಂಕೋಚವೂ ಇಲ್ಲದೆ, ‘ಇದೊಂದು ಬೈಟು ಕೊಡಪ್ಪ’ ಎಂದನು.

ಸಭೆ ಸ್ತಬ್ಧವಾಯಿತು.

‘ಬೈಟು ಆಗಲ್ಲ ಸರ್’ ಎಂದನು ತರುಣ. ‘ಬ್ಯಾಲೆನ್ಸ್ ಹೋಗ್ತದೆ.’

‘ಬ್ಯಾಲೆನ್ಸು ನನಗೆ ಹೇಳಬೇಡ, ಮೂವತ್ತೈದು ವರ್ಷ ಅದನ್ನೇ ನೋಡಿದೀನಿ. ಕಾಫಿ ತಾನೆ ಇದು?’

‘ಕಾಫಿ ಉಂಟು ಸರ್. ಆದ್ರೆ ಮೇಲೆ ನೊರೆ ಒಂದೇ ಲೇಯರ್ ಬರೋದು. ಮೂರೇ ಬೀಜ ಇಡೋದು.’

ತರುಣನ ಈ ಮಾತಿನಲ್ಲಿ ಅಡಗಿದ್ದ ಶಾಸ್ತ್ರವನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯವಾಯಿತು. ಕಾಫಿಯು ಸಾವಯವವಾದ ದ್ರವ್ಯ; ಅದರ ಅರ್ಧವೂ ಕಾಫಿಯೇ. ಕಾಕ್‌ಟೇಲಾದರೋ ವೈಯಾಕರಣರ ಅಖಂಡಸ್ಫೋಟದ ಜಾತಿಗೆ ಸೇರಿದ್ದು: ವರ್ಣಗಳನ್ನು ಬಿಡಿಬಿಡಿಯಾಗಿ ಹಿಡಿದರೆ ಅರ್ಥವಿಲ್ಲ, ವಾಕ್ಯವು ಒಟ್ಟಾಗಿ ಸ್ಫುರಿಸಿದಾಗಲೇ ಅರ್ಥ. ಮೂರು ಕಾಫಿಬೀಜಗಳನ್ನು ಇಬ್ಬರಿಗೆ ಹಂಚುವುದೆಂತು? ಒಬ್ಬನಿಗೆ ಎರಡು ಹೋದರೆ ಮತ್ತೊಬ್ಬನು ವಂಚಿತನು. ಒಂದನ್ನು ಸೀಳಿದರೆ ಅದು ಬೀಜವೆನಿಸದು. ಈ ಸಿದ್ಧಾಂತವನ್ನು ನಾನು ವಿಸ್ತಾರವಾಗಿ ಪ್ರತಿಪಾದಿಸಿದಾಗ ತರುಣನು ಕೃತಜ್ಞತೆಯಿಂದ ನೋಡಿದನು, ಮಿತ್ರನು ಕೃತಜ್ಞನಾಗಿರಲಿಲ್ಲ. ‘ಖಾಲಿ ಗ್ಲಾಸ್ ಒಂದು ಕೊಡು, ನಾನೇ ಮಾಡ್ಕೋತೀನಿ’ ಎಂದು ಅವನು ಶ್ರೌತದಿಂದ ಗೃಹ್ಯಕ್ಕೆ ಇಳಿಯಲೆತ್ನಿಸಿದನು. ಗ್ಲಾಸನ್ನು ಮೊದಲು ತಂಪುಗೊಳಿಸದೆ ಕೊಡುವ ಪದ್ಧತಿಯಿಲ್ಲವೆಂದೂ, ತಂಪುಗೊಳಿಸಿದ ಗ್ಲಾಸು ಖಾಲಿಯಾಗಿ ಹೋಗುವ ಪದ್ಧತಿಯೂ ಇಲ್ಲವೆಂದೂ ಉತ್ತರ ಬಂದಿತು. ಕೊನೆಗೆ ಅವನು ಇಡಿಯದೊಂದನ್ನೇ ಒಪ್ಪಿಕೊಂಡು, ನೊರೆಯನ್ನು ಸೀಳಿ ಒಂದು ಗುಟುಕು ಕುಡಿದು, ಬಹಳ ಹೊತ್ತು ಯೋಚಿಸಿ, ‘ಕಾಫಿ ಒಳ್ಳೆಯದು. ಅದರೊಳಗೆ ಇದನ್ನ ಯಾಕೆ ಹಾಕಿದ್ರು?’ ಎಂದನು. ಬಸವನಗುಡಿಯ ಪರವಾಗಿ ಕಾಕ್‌ಟೇಲ್ ಶಾಸ್ತ್ರದ ಮೇಲೆ ಬಂದ ಮೊದಲ ವಿಮರ್ಶೆಯೆಂದು ಇದನ್ನು ದಾಖಲಿಸುತ್ತಿದ್ದೇನೆ. ಅವನ ನಿಷ್ಠೆ 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೃತ್ ಡಿಸ್ಟಿಲರಿಯ ಮೇಲೆ. ಆ ಸಂಸ್ಥೆಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲೆಂಬುದನ್ನು, ಮೈಸೂರುಪಾಕನ್ನು ಮೈಸೂರಿಗೇ ಮಾರಿ ಬಂದವನ ಹೆಮ್ಮೆಯಿಂದ ಅವನು ಹೇಳುವುದುಂಟು.

ಮದವು ಪ್ರಥಮ, ಮಧ್ಯಮ, ಅಂತ್ಯವೆಂದು ಮೂರು ಬಗೆಯಾಗಿರುವುದೆಂದು ವೈದ್ಯಶಾಸ್ತ್ರ ಹೇಳುವುದಷ್ಟೆ. ಪ್ರಥಮದಲ್ಲಿ ಹರ್ಷ, ಪ್ರೀತಿ, ಕಥೆ ಹಾಡುಗಳಲ್ಲಿ ಆಸಕ್ತಿ. ಮಿತ್ರನು ಪ್ರಥಮದ ಹೊಸ್ತಿಲಲ್ಲಿ ನಿಂತು ಹಳೆಯ ಸಿನಿಮಾ ಹಾಡೊಂದನ್ನು ಗುನುಗತೊಡಗಿದ್ದಾಗ, ಬಾಟಲಿಗಳ ಹಿಂದಿದ್ದ ದೊಡ್ಡ ಕನ್ನಡಿಯಲ್ಲಿ ಒಂದು ಪರಿಚಿತವಾದ ಬೋಳುತಲೆ ಕಾಣಿಸಿಕೊಂಡಿತು. ನಿವಾಸಿಗಳ ಸಂಘದ ಅಧ್ಯಕ್ಷರು ಮೂಲೆಯ ಮೇಜಿನಲ್ಲಿ, ತಮ್ಮ ಅಳಿಯನ ಎದುರಿಗೆ, ಪುದೀನದ ಕೊಂಬೆಯೊಂದನ್ನು ನೆಟ್ಟ ಉದ್ದನೆಯ ಲೋಟವನ್ನು ಹಿಡಿದು ಕುಳಿತಿದ್ದರು. ಪಕ್ಕದ ಕುರ್ಚಿಯ ಮೇಲೆ ಅವರದೂ ಒಂದು ಕೈಚೀಲ; ಅದರಿಂದ ನುಗ್ಗೇಕಾಯಿಗಳು ಹೊರಚಾಚಿದ್ದುವು.

ಈ ಪ್ರಸಂಗಕ್ಕೆ ಅನ್ವಯಿಸುವ ವಿಧಿಯನ್ನು ಪರಸ್ಪರಾದರ್ಶನ ನ್ಯಾಯವೆಂದು ಕರೆಯಲು ನಾನು ಅಪ್ಪಣೆ ಬೇಡುತ್ತೇನೆ. ದೇವದತ್ತನು ಯಜ್ಞದತ್ತನನ್ನು ಪಾನಾಗಾರದಲ್ಲಿ ಕಂಡನೆಂದರೆ, ಕಾಣುವುದಕ್ಕೆ ದೇವದತ್ತನೂ ಅಲ್ಲಿಯೇ ಇದ್ದನೆಂದಾಗುವುದು. ತಾನು ಅಲ್ಲಿರಲಿಲ್ಲವೆಂಬುದು ದೇವದತ್ತನ ಪ್ರತಿಜ್ಞೆಯಾದ್ದರಿಂದ ಅವನು ಯಜ್ಞದತ್ತನನ್ನು ಕಂಡಿರಲು ಸಾಧ್ಯವಿಲ್ಲ. ಯಜ್ಞದತ್ತನ ವಿಷಯವೂ ಹಾಗೆಯೇ. ಆದುದರಿಂದ ಇಬ್ಬರೂ ಇರುವ ಸ್ಥಳದಲ್ಲಿ ಇಬ್ಬರೂ ಇರುವುದಿಲ್ಲ. ಬೌದ್ಧರ ಶೂನ್ಯವಾದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಶೂನ್ಯವು ಕನ್ನಡಿಯಲ್ಲಿ ನಮ್ಮನ್ನು ನೋಡಿ, ಅತಿ ಸೂಕ್ಷ್ಮವಾಗಿ, ಲೋಟವನ್ನು ಒಂದಂಗುಲದಷ್ಟು ಎತ್ತಿತು. ನಾವೂ ಒಂದಂಗುಲ ಎತ್ತಿದೆವು. ಆಮೇಲೆ ಯಾರೂ ಆ ದಿಕ್ಕಿಗೆ ನೋಡಲಿಲ್ಲ. ಮುಂದಿನ ಭಾನುವಾರದ ಸಂಘದ ಸಭೆಯಲ್ಲಿ ಅರ್ಜಿಯ ವಿಷಯವು ಕಾರ್ಯಸೂಚಿಯ ಕಡೆಗೆ ಸರಿದು, ಬೀದಿನಾಯಿಗಳ ಚರ್ಚೆ ದೀರ್ಘವಾದುದರಿಂದ ಮುಂದಕ್ಕೆ ಹಾಕಲ್ಪಟ್ಟಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಕೊನೆಯದು ದಕ್ಷಿಣೆಯ ವಿಚಾರ. ಚರ್ಮದ ಹೊದಿಕೆಯೊಳಗೆ ಬಂದ ಬಿಲ್ಲನ್ನು ಮಿತ್ರನು ಕನ್ನಡಕವನ್ನು ಬದಲಿಸಿಕೊಂಡು ಓದಿದನು. ಮಸಾಲೆ ಕಡಲೆಕಾಯಿಯ ಬೆಲೆಯನ್ನು ಕಂಡು ಮೊದಲು ಅವನಿಗೆ ಮಾತು ಹೊರಡಲಿಲ್ಲ: ಕಾರ್ತಿಕದ ಕೊನೆಯ ಸೋಮವಾರ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿಯ ಪರಿಷೆ ಸೇರುವ ಊರಿನಲ್ಲಿಯೇ, ಬೊಗಸೆಯಷ್ಟು ಕಡಲೆಗೆ ಪರಿಷೆಯಲ್ಲಿ ಸೇರುಗಟ್ಟಲೆ ಕೊಳ್ಳಬಹುದಾದ ಹಣವನ್ನು ಕೇಳಿದ್ದರು. ಸರಕು ಮತ್ತು ಸೇವಾ ತೆರಿಗೆಯು ಮದ್ಯವನ್ನು ಮುಟ್ಟುವುದಿಲ್ಲ; ಕಡಲೆಕಾಯಿಯನ್ನು ಬಿಡುವುದಿಲ್ಲ. ನೂರಕ್ಕೆ ಐದರಂತೆ ಬಿದ್ದ ಆ ತೆರಿಗೆಯು ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ ಎಂದು ಎರಡು ಸಾಲುಗಳಾಗಿ ಒಡೆದು ಅಚ್ಚಾಗಿತ್ತು. ‘ನೋಡು, ಇವರಿಗೆ ಮಾತ್ರ ಬೈಟು’ ಎಂದು ಮಿತ್ರನು ಖಿನ್ನನಾದನು. ಆಮೇಲೆ, ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಎಂಬ ತರುಣ ಸೇನಾಧಿಕಾರಿಯ ಹೆಸರಿನಲ್ಲಿ 13 ರೂಪಾಯಿ ಬಾಕಿಯನ್ನು ವಸೂಲಾಗದ್ದೆಂದು ಬರೆದಿರುವರೆಂದೂ, ಆ ಮೇಲೆ ಆ ತರುಣನು ಬ್ರಿಟನ್ನಿನ ಪ್ರಧಾನಿಯೇ ಆದನೆಂದೂ, ಪಾನಗೃಹದ ಬಾಕಿಯು ಮನುಷ್ಯನ ಏಳಿಗೆಗೆ ಅಡ್ಡಿಯಲ್ಲವೆಂಬುದಕ್ಕೆ ಈ ಊರಿನಲ್ಲಿಯೇ ಪೂರ್ವನಿದರ್ಶನವಿರುವುದೆಂದೂ ಅವನು ಧ್ವನಿ ತಗ್ಗಿಸಿ ನನಗೆ ಸೂಚಿಸುತ್ತಿರಲು, ತರುಣನು ಮಂಜಿನ ಪಕ್ಕದಿಂದ ನಮ್ಮ ಕೊತ್ತಂಬರಿಯ ಚೀಲವನ್ನು ತಂದು ಮುಂದಿಟ್ಟು, ಕಾರ್ಡಿನ ಯಂತ್ರವನ್ನು ಕೈಯಲ್ಲಿ ಹಿಡಿದು, ಅದೇ ಮೃದುವಾದ ಧ್ವನಿಯಲ್ಲಿ ಕೇಳಿದನು:

‘ಬಿಲ್ ಬೈಟು ಮಾಡ್ಲಾ ಸರ್?’